ಕನಕಾಂಬರದ ಬಾಗಿಲು

ನಮ್ಮ ಬೀದಿಯ ಅಂಗಡಿಗಳಿಗೆಲ್ಲ ಬೋರ್ಡು ಇದೆ. ಆದರೆ ಬೋರ್ಡು ಓದಿಕೊಂಡು ಬರುವ ಗಿರಾಕಿಯನ್ನು ನಾನು ಕಂಡಿದ್ದು ಕಡಿಮೆ. ನರಸೀಪುರದ ಹಳೆಯ ಬೀದಿ ಇದು. ಅಂಗಡಿಗಳಿಗೆ ಇನ್ನೂ ಮರದ ಮಡಚು ಬಾಗಿಲುಗಳೇ ಇವೆ. ಬೆಳಿಗ್ಗೆ ತೆಗೆದರೆ ಎರಡು ಕಡೆಗೂ ಮಡಚಿಕೊಂಡು ಗೋಡೆಗೆ ಒರಗಿ ನಿಲ್ಲುತ್ತವೆ; ಸಂಜೆಯವರೆಗೂ ಅವುಗಳ ಬಣ್ಣ ಬೀದಿಗೆ ಕಾಣುತ್ತಿರುತ್ತದೆ. ಸುತ್ತಲಿನ ಹಳ್ಳಿಯವರಿಗೆ ಅದೇ ಗುರುತು. ಬಿತ್ತನೆ ಬೀಜಕ್ಕೆ ಹಸಿರು ಬಾಗಿಲು, ದಿನಸಿಗೆ ನೀಲಿ ಬಾಗಿಲು, ಬಳೆಗೆ ಹಳದಿ ಬಾಗಿಲು. ರವಿಕೆ ಬಟ್ಟೆಗೆ ಕನಕಾಂಬರದ ಬಾಗಿಲು. ಅದು ನನ್ನ ಹೆಂಡತಿಯ ಅಂಗಡಿ.

ಅವಳು ತೀರಿಕೊಂಡು ಈಗ ವರ್ಷ ದಾಟಿದೆ. ವರ್ಷದ ತಿಥಿ ಮುಗಿದ ಮೇಲೆ ಇದನ್ನು ಬರೆಯಲು ಕುಳಿತಿದ್ದೇನೆ. ಬರೆದು ರೂಢಿಯಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿ, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ, ಹೆಚ್ಚಿನ ವರ್ಷಗಳನ್ನು ನಂಜನಗೂಡಿಗೂ ನರಸೀಪುರಕ್ಕೂ ಓಡಾಡಿಯೇ ಕಳೆದವನು ನಾನು.

ಅವಳು ನಂಜನಗೂಡಿನವಳು. ಮದುವೆಯಾದ ಹೊಸದರಲ್ಲಿ ಮನೆಯಲ್ಲೇ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಿದ್ದಳು. ಆಮೇಲೆ ಈ ಬೀದಿಯಲ್ಲಿ ಒಂದು ಸಣ್ಣ ಅಂಗಡಿ ಬಾಡಿಗೆಗೆ ಹಿಡಿದು ಮ್ಯಾಚಿಂಗ್ ಸೆಂಟರ್ ಮಾಡಿದಳು. ಸೀರೆ ತಂದು ತೋರಿಸಿದರೆ ಅದಕ್ಕೆ ಹೊಂದುವ ರವಿಕೆ ಬಟ್ಟೆ, ಲಂಗದ ಬಟ್ಟೆ, ದಾರ ಎಲ್ಲವನ್ನೂ ಹುಡುಕಿ ಕೊಡುವ ಅಂಗಡಿ. ಮೂರು ಗೋಡೆಗೂ ಬಟ್ಟೆಯ ಮಡಿಕೆಗಳು, ತಿಳಿಯಿಂದ ಗಾಢದವರೆಗೆ. ಎಷ್ಟೇ ಹೊಂದುವಂತೆ ಕಂಡರೂ ಒಳಗಿನ ದೀಪದಲ್ಲಿ ಅವಳು ಬಟ್ಟೆ ಕತ್ತರಿಸುತ್ತಿರಲಿಲ್ಲ. ಸೀರೆಯನ್ನೂ ಬಟ್ಟೆಯನ್ನೂ ಹಿಡಿದು ಮೆಟ್ಟಿಲಿಗೆ ಬಂದು, ಹಗಲಿಗೆ ಹಿಡಿದು ನೋಡಿ, ಆಮೇಲೆ ಕತ್ತರಿ ಹಾಕುತ್ತಿದ್ದಳು. ನನಗೆ ಈ ವಿದ್ಯೆ ಹತ್ತಲೇ ಇಲ್ಲ. ನನ್ನ ಕಣ್ಣಿಗೆ ಹಸಿರು ಅಂದರೆ ಒಂದು ಹಸಿರು, ನೀಲಿ ಅಂದರೆ ಒಂದು ನೀಲಿ.

"ನಿಮ್ಗೆ ಗೊತ್ತಿರೋದು ಬಸ್ಸಿನ ಕೆಂಪು ಒಂದೇ ಕಣ್ರೀ" ಎನ್ನುತ್ತಿದ್ದಳು.

ಬೀದಿ ಆಗಲೇ ಇಳಿಮುಖವಾಗಿತ್ತು. ಬಸ್ಸು ನಿಲ್ಲುವ ಜಾಗ ದೊಡ್ಡ ರಸ್ತೆಗೆ ಹೋಯಿತು. ಆಮೇಲೆ ಹೆಂಗಸರಿಗೆ ಬಸ್ಸು ಉಚಿತವಾಯಿತು. ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಮೈಸೂರಿನ ಬಸ್ಸಿನಲ್ಲಿ ಅವರಿಗೆ ಶೂನ್ಯದ ಟಿಕೆಟ್ ಹರಿದು ಹರಿದು ಕೊಟ್ಟಿದ್ದೇನೆ. ಹಾಗೆ ಹತ್ತಿದವರಲ್ಲಿ ಎಷ್ಟೋ ಜನ ನರಸೀಪುರದಲ್ಲಿ ಇಳಿಯದೆ ಬಟ್ಟೆಬರೆಗೆ ನೇರ ಮೈಸೂರಿಗೇ ಹೋಗುತ್ತಿದ್ದರು. ಅವರಲ್ಲಿ ತಪ್ಪೇನಿಲ್ಲ. ಆದರೆ ಮಧ್ಯಾಹ್ನದ ಹೊತ್ತು ನಮ್ಮ ಬೀದಿಯಲ್ಲಿ ನಾಯಿಗಳು ಮಲಗಲು ಶುರುವಾದವು.

ಬೀದಿಯವರದು ಒಂದು ವರ್ತಕರ ಸಂಘ ಇತ್ತು. ಗಣೇಶನನ್ನು ಕೂರಿಸುವುದು, ಚರಂಡಿ ಕಟ್ಟಿಕೊಂಡರೆ ಪುರಸಭೆಗೆ ಅರ್ಜಿ ಕೊಡುವುದು, ಇಷ್ಟೇ ಅದರ ಕೆಲಸ. ನೀಲಿ ಬಾಗಿಲಿನ ದಿನಸಿ ಅಂಗಡಿಯವರು ಅಧ್ಯಕ್ಷರು. ವ್ಯಾಪಾರ ಬಿದ್ದಮೇಲೆ ಅವರೇ ಎಲ್ಲರನ್ನೂ ಕರೆದು ಏನಾದರೂ ಮಾಡೋಣ ಎಂದರು. ಸಂಘದಲ್ಲಿದ್ದ ಒಬ್ಬಳೇ ಹೆಂಗಸು ನನ್ನ ಹೆಂಡತಿ. ಡ್ಯೂಟಿ ಮುಗಿಸಿ ಬಂದವನು ನಾನೂ ಹಿಂದೆ ಕುಳಿತಿದ್ದೆ.

"ಮೈಸೂರಿಗೆ ಓಗೋದು ಪುಕ್ಸಟ್ಟೆ ಆಗೋಯ್ತು" ಎಂದು ಅಧ್ಯಕ್ಷರು ಮಾತು ತೆಗೆದರು. "ನಮ್ ಬೀದಿಗೆ ಯಾರ್ ಬಂದಾರು? ಅಗೋ, ಅಲ್ಲಿ ಕೂತವ್ರಲ್ಲ ಕಂಡಕ್ಟ್ರು, ಅವ್ರೇ ಎಲ್ರನ್ನೂ ಅತ್ತುಸ್ಕೊಂಡು ಓಯ್ತಾವ್ರೆ."

ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು.

ಬಳೆ ಅಂಗಡಿಯವರು, "ಬೀದಿ ಬಾಯಿಗೆ ಒಂದು ಆರ್ಚ್ ಕಟ್ಸಮ. ಸೀರಿಯಲ್ ಸೆಟ್ ಆಕ್ಸಮ. ಜಗಜಗ ಅಂದ್ರೆ ಜನ ಬತ್ತಾರೆ" ಎಂದರು.

ನನ್ನ ಹೆಂಡತಿ ಎದ್ದಳು. "ಆರ್ಚ್ ನೋಡಕ್ಕೆ ಮುಡುಕುತೊರೆಯಿಂದ ಯಾರ್ ಬತ್ತಾರೆ ಅಣ್ಣ? ಹಳ್ಳಿಯಿಂದ ಬಂದ ಹೆಂಗಸ್ರು ಈ ಬೀದೀಲಿ ನೀರು ಕುಡಿಯಲ್ಲ. ನಾನು ಚೊಂಬಲ್ಲಿ ಕೊಟ್ರೂ ಬೇಡ ಅಂತಾರೆ. ಯಾಕೆ ಅಂತ ನಿಮ್ಮಲ್ಲಿ ಯಾರಾದ್ರೂ ಕೇಳಿದ್ದೀರಾ?"

ಕೆಲವರು ಫ್ಯಾನು ನೋಡಿದರು. ಅಧ್ಯಕ್ಷರು ತಗ್ಗಿದ ದನಿಯಲ್ಲಿ, "ಅಕ್ಕಾ, ಅದ್ನೆಲ್ಲ ಸಭೇಲಿ..." ಎಂದರು.

"ಸಭೇಲಿ ಹೇಳ್ದೆ ಅಡುಗೆ ಮನೇಲಿ ಹೇಳ್ಲಾ? ಮೈಸೂರಲ್ಲಿ ದೊಡ್ಡ ಅಂಗಡೀಲಿ ಹೆಂಗಸ್ರಿಗೆ ಜಾಗ ಮಾಡಿದ್ದಾರೆ. ಅಲ್ಲಿ ಅರ್ಧ ದಿನ ಇರ್ತಾರೆ. ಇಲ್ಲಿ ಒಂದು ಲಂಗ ತಗೊಂಡು ಓಡ್ತಾರೆ. ನಿಲ್ಲಕ್ಕೇ ಆಗದ ಕಡೆ ಯಾಪಾರ ಹೆಂಗ್ ಆಗ್ತದೆ?"

ಆರ್ಚಿನ ಮಾತು ಅಲ್ಲಿಗೆ ನಿಂತಿತು. ಬೀಜದ ಅಂಗಡಿಯ ಹಿಂದೆ ಒಂದು ಹಳೆಯ ಗೋಡೌನು ಖಾಲಿ ಇತ್ತು. ಅದರ ಹಿತ್ತಲಿನಲ್ಲಿ, ಬೀದಿಗೆ ಕಾಣದ ಹಾಗೆ, ಸಂಘದವರೇ ಹೆಂಗಸರಿಗೆ ಎರಡು ಪಾಯಿಖಾನೆ ಕಟ್ಟಿಸಿದರು. ನೀರಿನ ತೊಟ್ಟಿ, ಒಂದು ಕನ್ನಡಿ, ಮಗುವನ್ನು ಮಲಗಿಸಲು ಒಂದು ಕಲ್ಲು ಹಾಸು. ಕನ್ನಡಿ ಯಾಕೆ ಎಂದು ಗಂಡಸರು ಕೇಳಿದ್ದಕ್ಕೆ ಅವಳು ತಾನೇ ತಂದು ಹಾಕಿದಳು.

ಬೀಗದ ಕೈ ಅವಳ ಅಂಗಡಿಯಲ್ಲೇ ಇರಬೇಕು ಎಂದು ಸಂಘದಲ್ಲಿ ತೀರ್ಮಾನವಾಯಿತು. ಯಾರೂ ಮರೆತು ಮಡಿಲಲ್ಲಿ ಕಟ್ಟಿಕೊಂಡು ಹೋಗದಿರಲಿ ಎಂದು ಅದಕ್ಕೆ ಅವಳು ಹಳೆಯದೊಂದು ಮರದ ದಾರದ ರೀಲನ್ನು ಕಟ್ಟಿದಳು. ಕೆಲವೇ ದಿನದಲ್ಲಿ ಹೆಂಗಸರು ಬೀಗದ ಕೈ ಎನ್ನುವುದನ್ನು ಬಿಟ್ಟು, "ಅಕ್ಕಾ, ಒಂದ್ ರೀಲು" ಎನ್ನತೊಡಗಿದರು. ಪಕ್ಕದಲ್ಲಿ ಗಂಡಸರು ನಿಂತಿದ್ದರೂ ಏನೋ ದಾರ ಕೊಳ್ಳುತ್ತಾರೆ ಎಂದುಕೊಳ್ಳುತ್ತಿದ್ದರು. ರೀಲು ವಾಪಸು ಕೊಡಲು ಬಂದವರು ಒಂದು ಗಳಿಗೆ ಕುಳಿತು ನೀರು ಕುಡಿಯುತ್ತಿದ್ದರು, ಬಟ್ಟೆ ಮುಟ್ಟಿ ನೋಡುತ್ತಿದ್ದರು, ಎದುರಿನ ಹಳದಿ ಬಾಗಿಲಿಗೆ ಹೋಗಿ ಬಳೆ ತೊಡುತ್ತಿದ್ದರು. ಬೇಳೆ, ಬೆಲ್ಲ, ಮೆಣಸಿನ ಬೀಜ, ಹೀಗೆ ಒಂದೊಂದಾಗಿ ಬೀದಿಯ ಉದ್ದಕ್ಕೂ ಚೀಲ ತುಂಬುತ್ತಿತ್ತು. ನಾಯಿಗಳು ಎದ್ದು ಬೇರೆ ಕಡೆ ಹೋದವು. ಆ ವರ್ಷ ನಾನು ನಿವೃತ್ತನಾದೆ. ಬೆಳಿಗ್ಗೆ ಅವಳ ಅಂಗಡಿಯ ಮೆಟ್ಟಿಲು ಗುಡಿಸಿ, ಪೇಪರ್ ಓದಿ, ಮಧ್ಯಾಹ್ನ ಊಟದ ಕ್ಯಾರಿಯರ್ ತರುವುದು ನನ್ನ ಕೆಲಸವಾಯಿತು. ಅಷ್ಟು ಸುಖವಾಗಿ ನಾನು ಯಾವ ವರ್ಷವೂ ಇದ್ದಿರಲಿಲ್ಲ.

ಅವಳಿಗೆ ಜ್ವರ ಬಂತು. ಮಾಮೂಲಿ ಜ್ವರ ಎಂದುಕೊಂಡೆವು. ಎದೆಗೆ ಇಳಿಯಿತು. ಮೈಸೂರಿಗೆ ಕರೆದುಕೊಂಡು ಹೋದೆವು. ವಾಪಸು ಬರುವಾಗ ಅವಳಿರಲಿಲ್ಲ.

ಎಲ್ಲೆಲ್ಲಿಂದಲೋ ಜನ ಅಸ್ಥಿ ತಂದು ನಮ್ಮೂರಿನ ಸಂಗಮದಲ್ಲಿ ಬಿಡುತ್ತಾರೆ. ನಾವು ಮನೆಯಿಂದ ನಡೆದುಕೊಂಡೇ ಹೋಗಿ ಬಿಟ್ಟು ಬಂದೆವು. ಬೀದಿಯಲ್ಲಿ ಯಾರಾದರೂ ವರ್ತಕರು ತೀರಿಕೊಂಡರೆ ತಿಥಿಯವರೆಗೆ ಎಲ್ಲ ಅಂಗಡಿಯವರೂ ಒಂದೇ ಕಡೆಯ ಬಾಗಿಲು ತೆಗೆದು, ಇನ್ನೊಂದು ಕಡೆ ಮುಚ್ಚಿರುವುದು ನಮ್ಮಲ್ಲಿ ವಾಡಿಕೆ. ಹೆಂಗಸಿಗೆ ಹಾಗೆ ಮಾಡಿದ್ದು ಅದೇ ಮೊದಲು. ನೀಲಿ ಅರ್ಧ, ಹಸಿರು ಅರ್ಧ, ಹಳದಿ ಅರ್ಧ ಮುಚ್ಚಿಕೊಂಡಿದ್ದವು. ಕನಕಾಂಬರದ್ದು ಪೂರ್ತಿ.

ತಿಥಿಯಾದ ಮೇಲೂ ನಾನು ಅಂಗಡಿ ತೆಗೆಯಲಿಲ್ಲ. ಒಳಗೆ ಅವಳು ಕತ್ತರಿ ಎಲ್ಲಿಟ್ಟಿದ್ದಳೋ ಅಲ್ಲೇ ಇರಲಿ ಎಂದು ಮನಸ್ಸಿನಲ್ಲಿತ್ತು. ಆದರೂ ಬೆಳಿಗ್ಗೆ ಹೋಗಿ ಮೆಟ್ಟಿಲು ಗುಡಿಸಿ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಪೇಪರ್ ಹಿಡಿದು ಕೂರುತ್ತಿದ್ದೆ. ನಂಜನಗೂಡಿನಲ್ಲಿ ಸ್ಕೂಲ್ ಟೀಚರ್ ಆಗಿರುವ ಮಗಳು ಫೋನ್ ಮಾಡಿದಾಗಲೆಲ್ಲ, "ಅಪ್ಪ, ಅಂಗಡಿ ಬಿಟ್‌ಬಿಡಿ, ಇಲ್ಲಿಗೇ ಬನ್ನಿ" ಎನ್ನುತ್ತಿದ್ದಳು. ಬಿಡುವುದಕ್ಕೂ ಆಗುತ್ತಿರಲಿಲ್ಲ, ತೆಗೆಯುವುದಕ್ಕೂ ಆಗುತ್ತಿರಲಿಲ್ಲ.

ಒಂದು ದಿನ ಅಧ್ಯಕ್ಷರು ಬಂದು ನನ್ನ ಪಕ್ಕದಲ್ಲಿ ಕುಳಿತರು.

"ಕಂಡಕ್ಟ್ರೇ, ತಪ್ಪು ತಿಳೀಬ್ಯಾಡಿ. ಆ ರೀಲು ನಮ್ಮಂಗ್ಡಿಗೆ ಬಂದು ಮೊಳೆಗೆ ಬಿದ್ದದೆ. ಒಬ್ಬ ಎಣ್ಮಗಳೂ ಕೇಳಕ್ಕೆ ಬರ್ನಿಲ್ಲ. ಬಂದು ಬಂದು ನನ್ ಮೀಸೆ ನೋಡಿ, ಕಾಲ್ ಕೆಜಿ ಕಡ್ಲೆ ಕೊಡಿ ಅಂತವ್ರೆ, ಒಯ್ತವ್ರೆ."

"ನಿಮ್ಮ ಮನೆಯವ್ರನ್ನ ಕೂರಿಸಿ" ಎಂದೆ.

"ಅವ್ಳಿಗೆ ಮಂಡಿನೋವು, ಮೆಟ್ಲು ಅತ್ತಲ್ಲ. ಬಳೆ ಅಂಗ್ಡಿಯೋನ್ನ ಕೇಳ್ದೆ, ಅವನೆಂಡ್ತಿಗೆ ನಾಚ್ಕೆ. ರೀಲು ಇಲ್ಲೇ ಇರ್ಬೇಕು ಕನ ಕಂಡಕ್ಟ್ರೇ, ಈ ಬಾಗ್ಲಲ್ಲೇ. ನೀವ್ ತೆಗೀರಿ, ಇಲ್ಲಾ ಯಾರಾದ್ರೂ ಎಣ್ಮಗಳಿಗೆ ಕೊಡಿ. ಕಟ್ಟಡದೋರು ಮೊಬೈಲ್ ಅಂಗ್ಡಿಗೆ ಕೊಡ್ತೀನಿ ಅಂತಾವ್ರೆ. ವರ್ಸದ ತಿಥಿವರ್ಗೂ ಮುಟ್ಕೂಡ್ದು ಅಂತ ಸಂಘದಿಂದ ನಿಲ್ಸಿವ್ನಿ. ಆಮೇಕೆ ನನ್ ಮಾತು ನಡೆಯಲ್ಲ."

ನಾನು ಪೇಪರ್ ಮಡಚಿದೆ, ಬಿಚ್ಚಿದೆ. ನೋಡೋಣ ಎಂದೆ. ಅವರು ಎದ್ದು ಹೋದರು. ಬೀದಿ ಮತ್ತೆ ಖಾಲಿಯಾಗುತ್ತಿರುವುದು ನನಗೂ ಕಾಣುತ್ತಿತ್ತು. ದೊಡ್ಡ ರಸ್ತೆಯಲ್ಲಿ ಬಸ್ಸಿಳಿದ ಹೆಂಗಸರು ನಮ್ಮ ಬೀದಿಯ ಬಾಯಲ್ಲಿ ನಿಂತು, ಒಳಗೆ ಇಣುಕಿ, ಮುಂದಕ್ಕೆ ಹೋಗುತ್ತಿದ್ದರು.

ಸಂಘದವರೂ ಸುಮ್ಮನೆ ಕೂರುವವರಲ್ಲ. ಬಳೆ ಅಂಗಡಿಯವರ ಅಳಿಯ ಯಾವುದೋ ದೇಶದ ಬೀದಿಯ ಫೋಟೋ ಮೊಬೈಲಿನಲ್ಲಿ ತೋರಿಸಿದರಂತೆ. ಎಲ್ಲ ಮನೆಗೂ ಒಂದೇ ಬಣ್ಣ, ನೋಡಲು ಜನ ಹಿಂಡುಗಟ್ಟಿ ಬರುತ್ತಾರಂತೆ. ನಮ್ಮವರಿಗೆ ಅದು ಹಿಡಿಸಿತು. ಎಲ್ಲ ಬಾಗಿಲಿಗೂ ಒಂದೇ ಬಣ್ಣ ಎಂದು ಠರಾವು ಮಾಡಿದರು. ಹಸಿರು ಬೇಕು ಎಂದು ಬೀಜದವರು, ನೀಲಿ ಬೇಕು ಎಂದು ಅಧ್ಯಕ್ಷರು ಹಟ ಹಿಡಿದರು. ಜಗಳ ಬೇಡವೆಂದು ಯಾರ ಬಾಗಿಲಿಗೂ ಇಲ್ಲದ ಬಣ್ಣ ಆರಿಸಿದರು. ಆನೆ ಬಣ್ಣ ಎಂದು ಬಣ್ಣದ ಅಂಗಡಿಯವರು ಹೇಳಿದರು. ನಮ್ಮ ಬಾಗಿಲಿಗೂ ಬಳಿಯಬಹುದೇ ಎಂದು ಕೇಳಲು ಬಂದಾಗ, ಬಳಿಯಿರಿ ಎಂದುಬಿಟ್ಟೆ. ಬೇಡ ಎನ್ನಲು ಆಗ ನನ್ನಲ್ಲಿ ಶಕ್ತಿ ಇರಲಿಲ್ಲ. ಅವರು ಬಳಿಯುವಾಗ ಸಂಗಮದ ಕಡೆ ಹೋಗಿ ಕುಳಿತಿದ್ದೆ. ಸಂಜೆ ಬಂದು ನೋಡಿದರೆ ಬೀದಿಯ ಈ ತುದಿಯಿಂದ ಆ ತುದಿಗೆ ಒಂದೇ ಬೂದು.

"ಡೀಸೆಂಟಾಗದೆ, ಅಲ್ವಾ?" ಎಂದರು ಬಳೆ ಅಂಗಡಿಯವರು.

ಹೌದು ಎಂದೆ.

ಅದಾಗಿ ಒಂದು ಗುರುವಾರ. ಮೆಟ್ಟಿಲ ಮೇಲೆ ಕುಳಿತಿದ್ದೆ. ಒಬ್ಬ ಅಜ್ಜಿ ಕಂಕುಳಲ್ಲಿ ಕೈಚೀಲ ಅವುಚಿಕೊಂಡು ನನ್ನ ಮುಂದೆ ಆ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ಈ ಕಡೆ ಬಂದಳು. ಮತ್ತೆ ಆ ಕಡೆ ಹೋದಳು. ಕೊನೆಗೆ ನನ್ನ ಎದುರು ನಿಂತು ಉಸಿರು ಬಿಟ್ಟಳು.

"ಏನಪ್ಪಾ, ಕನಕಾಂಬ್ರದ ಬಾಗ್ಲು ಎಲ್ಲದೆ ಇಲ್ಲಿ?"

"ಯಾವೂರವ್ವಾ?"

"ಮುಡುಕ್ತೊರೆ. ಮೊಮ್ಮಗಳ ಮದ್ವೆ, ಸೀರೆ ತಂದಿವ್ನಿ. ಆ ಅಂಗ್ಡಿ ಎಣ್ಮಗಳು, 'ಸೀರೆ ತಕ್ಕಂಡ್ ಬಾ ಅವ್ವ, ನಾನ್ ಒಂದ್ಸಿ ಕೊಡ್ತೀನಿ' ಅಂದಿದ್ಲು. ಆ ತುದಿಯಿಂದ ಈ ತುದಿಗೆ ತಿರುಗ್ದೆ. ಎಲ್ಲಾ ಬಾಗ್ಲಿಗೂ ಬೂದಿ ಬಳ್ದಂಗೆ ಬಳ್ದವ್ರೆ. ಯಾರ್ ಸತ್ತೋದ್ರಪ್ಪ ಈ ಬೀದೀಲಿ?"

ನಾನು ಪಕ್ಕಕ್ಕೆ ಸರಿದು ಬಾಗಿಲು ತೋರಿಸಿದೆ. "ಅದೇ ಅಂಗ್ಡಿ ಇದು ಅವ್ವಾ."

"ಇದಾ? ಮತ್ತೆ ಎಣ್ಮಗಳು?"

"ಅವಳೇ ಅವ್ವಾ ಹೋಗಿದ್ದು. ನಾನು ಅವಳ ಗಂಡ."

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕುಳಿತಳು. ನನ್ನ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಚೀಲದಿಂದ ಸೀರೆ ತೆಗೆದಳು.

"ಸರಿ ಮಗ. ನೀನೇ ಒಂದ್ಸಿ ಕೊಡು."

"ನನಗೆ ಬಣ್ಣ ತಿಳಿಯಲ್ಲ ಅವ್ವಾ."

"ಕಣ್ಣದೆ ಅಲ್ವಾ?"

ಎದ್ದು ಬೀಗ ತೆಗೆದೆ. ಹೊಸ ಬಣ್ಣಕ್ಕೆ ಬಾಗಿಲು ಅಂಟಿಕೊಂಡಿತ್ತು, ಭುಜ ಕೊಟ್ಟು ತಳ್ಳಬೇಕಾಯಿತು. ಒಳಗೆ ಹೊಸ ಬಟ್ಟೆಯ ಗಂಜಿ ವಾಸನೆ ಹಾಗೇ ಇತ್ತು. ಕತ್ತರಿ ಮೇಜಿನ ಮೇಲೆ ಬಾಯಿ ತೆರೆದುಕೊಂಡೇ ಇತ್ತು. ಅದನ್ನು ಮುಚ್ಚಿ ಪಕ್ಕಕ್ಕಿಟ್ಟೆ. ಎಷ್ಟೋ ದಿನದಿಂದ ಹೆದರಿದ್ದ ಗಳಿಗೆ ಅದು. ಅಜ್ಜಿ ಹಿಂದೆ ನಿಂತು ಅವಸರ ಮಾಡುತ್ತಿದ್ದುದರಿಂದ ಅಷ್ಟರಲ್ಲೇ ಮುಗಿದುಹೋಯಿತು.

ಸೀರೆ ಮಾವಿನ ಚಿಗುರಿನ ಬಣ್ಣದ್ದು, ಕೆಂಪು ಬೆರೆತ ಹಸಿರು; ನನಗೆ ಕಂಡದ್ದು ಹಸಿರು ಮಾತ್ರ. ನಾನು ಹಸಿರು ಮಡಿಕೆಗಳನ್ನು ಒಂದೊಂದಾಗಿ ಇಳಿಸಿದೆ. ಅಜ್ಜಿ ಒಂದೊಂದನ್ನೂ ತಳ್ಳಿದಳು.

"ಇದು ಪಾಚಿ. ಇದು ಬಸಳೆ. ಇದೇನ್ಲಾ ಇದು, ಔಸ್ದಿ ಬಾಟ್ಲು? ಮದ್ವೆ ಎಣ್ಣಿಗೆ ಔಸ್ದಿ ಬಾಟ್ಲು ತೊಡ್ಸನಾ?"

ಆಗ ಮೆಟ್ಟಿಲ ಕೆಳಗೆ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಹೆಮ್ಮಿಗೆಯಿಂದ ಬರುತ್ತಿದ್ದ ಹೆಣ್ಣುಮಗಳು. ನನ್ನ ಹೆಂಡತಿಗೆ ಮನೆಯಲ್ಲಿ ಫಾಲ್ಸ್ ಹೊಲಿದು ಕೊಡುತ್ತಿದ್ದಳು; ಅಂಗಡಿ ಮುಚ್ಚಿದ ಮೇಲೆ ದೊಡ್ಡ ರಸ್ತೆಯ ಅಂಗಡಿಯೊಂದಕ್ಕೆ ಹೊಲಿಯುತ್ತಿದ್ದಳು. ಬಸ್ಸಿಗೆ ಹೋಗುವ ದಾರಿಯಲ್ಲಿ ಬಾಗಿಲು ತೆರೆದಿದ್ದು ಕಂಡು ನಿಂತಿದ್ದಳು. ಒಳಗೆ ಬಂದವಳು ಗೋಡೆಗಳನ್ನು ಒಮ್ಮೆ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬಾವ, ಅಕ್ಕ ಕೊಟ್ಟಿದ್ದ ಸೀರೆ ನಾಕು ನನ್ತವೇ ಉಳ್ಕಂಡವೆ. ಒಲ್ದು ಮಡಗಿವ್ನಿ. ಯಾರ್ಗೆ ಕೊಡ್ಬೇಕು ಅಂತ ಗೊತ್ತಾಗ್ದೆ ಸುಮ್ಕಿದ್ದೆ" ಎಂದಳು. ಆಮೇಲೆ ಮೇಜಿನ ಮೇಲಿನ ಹಸಿರು ರಾಶಿಯನ್ನು ಕಂಡು, "ಇದೇನ್ ಬಾವ, ಇಷ್ಟೊಂದು ಸೊಪ್ಪು ಕಿತ್ತಾಕಿದ್ದೀರಿ?"

ಅಜ್ಜಿ ಮೊದಲ ಸಲ ನಕ್ಕಳು.

ಹೆಮ್ಮಿಗೆಯವಳು ಮೊದಲು ತೆಗೆದ ಬಟ್ಟೆಯೂ ಹೊಂದಲಿಲ್ಲ. ಎರಡನೆಯದನ್ನು ಹಿಡಿದು, ಸೀರೆಯ ಅಂಚನ್ನೂ ಹಿಡಿದು, ಮೆಟ್ಟಿಲಿಗೆ ಬಂದಳು. ತಾಮ್ರದ ಕೆಂಪಿಗೆ ಹತ್ತಿರದ ಒಂದು ಬಟ್ಟೆ. ಎರಡನ್ನೂ ಬಿಸಿಲಿಗೆ ಎತ್ತಿ ಹಿಡಿದು, ತಲೆ ಓರೆ ಮಾಡಿ ನೋಡಿದಳು. ನಿಂತ ಭಂಗಿ, ತಲೆಯ ಓರೆ, ಎಲ್ಲ ನನ್ನ ಹೆಂಡತಿಯದೇ. ಕಲಿತದ್ದು ಅವಳಿಂದಲೇ ತಾನೆ. ನಾನು ಒಳಗೆ ಹೋಗಿ ಹಸಿರುಗಳನ್ನು ಮಡಚತೊಡಗಿದೆ.

ಬಟ್ಟೆ ಕತ್ತರಿಸಿ ಕೊಟ್ಟ ಮೇಲೆ ಅಜ್ಜಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಹೆಮ್ಮಿಗೆಯವಳು ಅಭ್ಯಾಸದಂತೆ ಬಾಗಿಲ ಪಕ್ಕದ ಮೊಳೆಗೆ ಕೈಚಾಚಿದಳು. ಮೊಳೆ ಖಾಲಿ.

"ಬಾವ, ರೀಲು?"

ನಾನು ಚಪ್ಪಲಿ ಮೆಟ್ಟಿಕೊಂಡು ದಿನಸಿ ಅಂಗಡಿಗೆ ಹೋಗಬೇಕಾಯಿತು. ಎಲ್ಲ ಬಾಗಿಲೂ ಒಂದೇ ಆಗಿದ್ದರಿಂದ ನಾನೇ ಒಂದು ಅಂಗಡಿ ದಾಟಿಹೋಗಿ ಹಿಂದಕ್ಕೆ ಬಂದೆ. ಅಧ್ಯಕ್ಷರು ತಕ್ಕಡಿಯಲ್ಲಿ ಬೆಲ್ಲ ಇಡುತ್ತಿದ್ದರು.

"ರೀಲು ಕೊಡಿ" ಎಂದೆ.

"ಯಾರ್ಗೆ?"

"ಅಂಗ್ಡಿಗೆ ಬಂದವ್ರಿಗೆ."

ಅವರು ಬೆಲ್ಲ ಬಿಟ್ಟು ನನ್ನನ್ನು ನೋಡಿದರು. "ತೆಗುದ್ರಾ?"

ತಲೆಯಾಡಿಸಿದೆ. ಅವರು ರೀಲನ್ನು ಮೊಳೆಯಿಂದ ತೆಗೆದು, ಪಂಚೆಯಲ್ಲಿ ದೂಳು ಒರೆಸಿ ಕೊಟ್ಟರು. ಗಿರಾಕಿಯನ್ನು ಅಲ್ಲೇ ನಿಲ್ಲಿಸಿ ನನ್ನ ಹಿಂದೆಯೇ ಬಂದು, ದೂರದಲ್ಲಿ ನಿಂತು, ಎರಡು ಕಡೆಯೂ ತೆರೆದಿದ್ದ ನಮ್ಮ ಬಾಗಿಲನ್ನು ನೋಡಿ ವಾಪಸು ಹೋದರು. ಅಜ್ಜಿ ರೀಲು ವಾಪಸು ತಂದು, ಕುಳಿತು, ಒಂದು ಚೊಂಬು ನೀರು ಪೂರ್ತಿ ಕುಡಿದಳು.

ಅಂಗಡಿಯನ್ನು ಹೆಮ್ಮಿಗೆಯವಳಿಗೆ ಕೊಡಬೇಕು ಎಂದು ನನಗೆ ಆ ನೀರಿನ ಹೊತ್ತಿನಲ್ಲೇ ತೀರ್ಮಾನವಾಗಿತ್ತು. ಒಪ್ಪಿಸುವುದೇ ಕಷ್ಟವಾಯಿತು. "ನಾನಾ? ಅಂಗ್ಡೀಲಿ ಕೂತ್ಕಳದಾ? ಯಾಪಾರದ ಮಾತು ನನ್ ಬಾಯಲ್ಲಿ ಬತ್ತದಾ ಬಾವ?" ಎಂದು ಹಿಂದೆ ಸರಿದಳು. ಸಂಘವೇ ಮುಂದೆ ಬಂತು. ಕಟ್ಟಡದವರ ಹತ್ತಿರ ಅಧ್ಯಕ್ಷರು ಹೋಗಿ ಮಾತಾಡಿ, ಅಂಗಡಿ ಅವಳ ಹೆಸರಿಗೇ ಆಗುವಂತೆ ಮಾಡಿದರು. ಬಟ್ಟೆ ತರುವ ಚಿಕ್ಕಪೇಟೆಯ ಸಗಟು ಅಂಗಡಿಗೆ ಬಳೆ ಅಂಗಡಿಯವರು ಜೊತೆಗೆ ಹೋಗಿ ಪರಿಚಯ ಮಾಡಿಸಿದರು. ಅವರ ನಾಚಿಕೆಯ ಹೆಂಡತಿ ಮಧ್ಯಾಹ್ನ ಊಟದ ಹೊತ್ತು ಬಂದು ಅವಳ ಜೊತೆ ಕುಳಿತುಕೊಳ್ಳತೊಡಗಿದರು. ಕುಳಿತು ಕುಳಿತು ಈಗ ಗಂಡನಿಗಿಂತ ಹೆಚ್ಚು ಬಳೆ ಅವರೇ ಮಾರುತ್ತಾರೆ. ಸಂಘದ ಕಡೆಯಿಂದ ಒಂದೇ ಷರತ್ತು: ರೀಲು ಈ ಬಾಗಿಲಲ್ಲೇ ಇರಬೇಕು.

ನನ್ನದೂ ಒಂದು ಷರತ್ತು ಇತ್ತು. ಅದನ್ನು ಸಂಘದ ಸಭೆಯಲ್ಲಿ ಎದ್ದು ಹೇಳಿದೆ. ಸಭೆಯಲ್ಲಿ ನಾನು ಮಾತಾಡಿದ್ದು ಅದೇ ಮೊದಲು. "ನಮ್ಮ ಬಾಗಿಲಿಗೆ ಹಳೇ ಬಣ್ಣ ವಾಪಸು ಹೊಡೆಸ್ತೀನಿ" ಎಂದೆ.

ಠರಾವು ಮುರಿಯುತ್ತಾನೆ ಎಂದು ಬೈಯುತ್ತಾರೇನೋ ಎಂದುಕೊಂಡಿದ್ದೆ. ಅಧ್ಯಕ್ಷರು ತಲೆ ಕೆರೆದುಕೊಂಡರು. "ಅದ್ನೇ ನಾನೂ ಏಳಮ ಅಂತಿದ್ದೆ. ಮೊನ್ನೆ ನಮ್ ಬೀಗ್ರು ನಮ್ಮಂಗ್ಡಿ ದಾಟ್ಕಂಡು ಬೀಜದ ಅಂಗ್ಡಿಗೆ ನುಗ್ಗಿ ಎರಡ್ ಕೆಜಿ ಸಕ್ರೆ ಕೇಳವ್ರೆ."

"ಕೊಟ್ನಲ್ಲ" ಎಂದರು ಬೀಜದವರು.

"ಏನ್ ಕೊಟ್ಟೆ? ಯೂರಿಯಾ ತೋರ್ಸಿದ್ಯಂತೆ."

"ಬಿಳಿ ಇತ್ತು, ತೋರುಸ್ದೆ."

ಸಭೆಯಲ್ಲಿ ಅಷ್ಟು ನಗು ಅವಳು ಹೋದ ಮೇಲೆ ಅದೇ ಮೊದಲು. ಎಲ್ಲರೂ ತಂತಮ್ಮ ಹಳೆಯ ಬಣ್ಣಕ್ಕೆ ಹೋಗುವುದೆಂದು ಆಯಿತು. ಹಳೆಯ ಬಣ್ಣ ಯಾವುದಿತ್ತು ಎಂಬಲ್ಲಿ ಮತ್ತೆ ವಾದ ಹತ್ತಿತು. ಬೀಜದವರು ತಮ್ಮದು ಗಿಣಿ ಹಸಿರು ಎಂದರೆ, ಉಳಿದವರು ಕೆರೆ ಹಸಿರು ಎಂದರು. ಮರುದಿನ ಬೆಳಿಗ್ಗೆ ಎಲ್ಲರೂ ಚಾಕು ತೆಗೆದುಕೊಂಡು ಅವರವರ ಬಾಗಿಲ ಮೂಲೆ ಕೆರೆದರು. ಬೂದಿನ ಕೆಳಗೆ ಗಿಣಿ ಹಸಿರೂ ಇತ್ತು, ಅದರ ಕೆಳಗೆ ಕೆರೆ ಹಸಿರೂ ಇತ್ತು, ಅದರಡಿ ಅವರಪ್ಪನ ಕಾಲದ ಕಾವಿ ಬಣ್ಣವೂ ಇತ್ತು. ದಿನಸಿ ಬಾಗಿಲಿನ ನೀಲಿಯ ಕೆಳಗೆ ಹಳದಿ ಸಿಕ್ಕಿತು. ಬಳೆ ಅಂಗಡಿಯವರು ಅದು ತಮ್ಮ ಬಣ್ಣ ಎಂದು ಮಧ್ಯಾಹ್ನದವರೆಗೆ ಛೇಡಿಸಿದರು.

ನಾನು ಕೀಲಿನ ಪಕ್ಕದಲ್ಲಿ ಉಗುರಿನಷ್ಟು ಕೆರೆದೆ. ಕನಕಾಂಬರ ಹಾಗೇ ಇತ್ತು.

ಆ ಬಣ್ಣವನ್ನು ಮೊದಲ ಸಲ ಅವಳು ನಂಜನಗೂಡಿನಲ್ಲಿ, ತವರುಮನೆಯ ಹತ್ತಿರದ ಅಂಗಡಿಯಲ್ಲಿ ಬೆರೆಸಿ ತಂದಿದ್ದಳು. ಹೆಮ್ಮಿಗೆಯವಳು ಗೋಡೆಯ ಮಡಿಕೆಯಿಂದ ಒಂದು ತುಂಡು ಬಟ್ಟೆ ಕತ್ತರಿಸಿ ಕೊಟ್ಟಳು. "ಅಕ್ಕ ಇದ್ನೇ ತಕ್ಕೊಂಡ್ ಓಗಿದ್ದು" ಎಂದಳು. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ನಾನು ವರ್ಷಗಟ್ಟಲೆ ನಿಂತು ಪ್ರಯಾಣ ಮಾಡಿದ ಬಸ್ಸಿನಲ್ಲಿ ಕುಳಿತು ನಂಜನಗೂಡಿಗೆ ಹೋದೆ. ಬಣ್ಣದ ಅಂಗಡಿಯ ಹುಡುಗಿ ಬೆರೆಸಿ, ಒಂದು ಕಡ್ಡಿಯ ತುದಿಗೆ ಹಚ್ಚಿ ತೋರಿಸಿದಳು. ನಾನು ಬಟ್ಟೆಯನ್ನೂ ಕಡ್ಡಿಯನ್ನೂ ಹಿಡಿದು ರಸ್ತೆಗೆ ಬಂದು ಬಿಸಿಲಿಗೆ ಎತ್ತಿದೆ. ಬಹಳ ಹೊತ್ತು ನೋಡಿದೆ. ಎರಡೂ ಒಂದೇ ಎನಿಸಿತು. ಸರಿಯಮ್ಮ, ಹಾಕಿ ಕೊಡು ಎಂದೆ.

ಮಗಳ ಮನೆಯಲ್ಲಿ ಊಟ ಮಾಡಿದೆ. "ಅಂತೂ ಅಂಗಡಿ ಬಿಟ್ರಾ ಅಪ್ಪ?" ಎಂದು ಕೇಳಿದಳು.

"ಬಿಟ್ಟೆ. ಬಣ್ಣ ಹೊಡೆದು ಬಿಡ್ಬೇಕು, ಅಷ್ಟೇ."

ಅವಳು ಬಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಇನ್ನೊಂದು ಸೌಟು ಹುಳಿ ಹಾಕಿದಳು. ನಂಜನಗೂಡಿಗೆ ಬಂದುಬಿಡಿ ಎಂದು ಆ ದಿನ ಹೇಳಲಿಲ್ಲ.

ಬಾಗಿಲಿಗೆ ಬಣ್ಣ ಹೊಡೆದದ್ದು ನಾನೇ. ಎರಡು ಕಡೆ, ಎರಡು ಕೈ. ಒಣಗಿದ ಮೇಲೆ ಹೆಮ್ಮಿಗೆಯವಳು ಬೀದಿಯ ಆಚೆ ಬದಿಗೆ ಹೋಗಿ, ಹಳದಿ ಬಾಗಿಲ ಮೆಟ್ಟಿಲಿನಲ್ಲಿ ನಿಂತು, ತಲೆ ಓರೆ ಮಾಡಿ ನೋಡಿದಳು.

"ಬಾವ, ಒಸಿ ಕೆಂಪು ಜಾಸ್ತಿ ಆಗದೆ."

"ಗೊತ್ತಾಗ್ತದಾ?"

"ಬಸ್ಸಿನ ಕೆಂಪು ಬಿದ್ದಂಗದೆ" ಎಂದವಳು ನಕ್ಕಳು. "ಇರ್ಲಿ ಬುಡಿ. ದೂರಕ್ಕೆ ಕಾಣ್ತದೆ."

ನಾನೂ ಆಚೆ ಹೋಗಿ ನಿಂತು ನೋಡಿದೆ. ನನ್ನ ಕಣ್ಣಿಗೆ ಕನಕಾಂಬರವೇ.

ವರ್ಷದ ತಿಥಿಯ ದಿನ ಅಂಗಡಿ ಮುಚ್ಚುವುದು ಬೇಡ ಎಂದೆ. ಸಂಗಮದಿಂದ ಬರುವಾಗ ಹತ್ತು ಗಂಟೆಯ ಬಿಸಿಲು. ಬೀದಿಯ ಎರಡು ಬದಿಗೂ ಬಣ್ಣಗಳು ತೆರೆದುಕೊಂಡಿದ್ದವು. ಬೀದಿಯ ಬಾಯಲ್ಲಿ ಬಸ್ಸಿಳಿದ ನಾಲ್ಕೈದು ಹೆಂಗಸರು ನಿಂತಿದ್ದರು. ಅವರಲ್ಲೊಬ್ಬಳು ಕೈ ನೀಡಿ, "ಅಗೋ ಅಲ್ಲಿ, ಕೆಂಪುಕೆಂಪಾಗಿ ಕಾಣ್ತದಲ್ಲ, ಅದೇ" ಎಂದು ಮಿಕ್ಕವರಿಗೆ ಹೇಳಿದಳು. ನಾನು ಅವರ ಹಿಂದೆ ನಿಧಾನವಾಗಿ ನಡೆದೆ. ನಾನು ಮುಟ್ಟುವ ಹೊತ್ತಿಗೆ ಅವರೆಲ್ಲ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದರು. ಮೊಳೆಯ ಮೇಲೆ ರೀಲು ಇರಲಿಲ್ಲ. ಮೆಟ್ಟಿಲ ತುಂಬ ಚಪ್ಪಲಿಗಳು. ಕೂರಲು ಜಾಗವಿಲ್ಲದೆ ಪೇಪರ್ ತೆಗೆದುಕೊಂಡು ಹಳದಿ ಬಾಗಿಲ ಮೆಟ್ಟಿಲಿಗೆ ಹೋದೆ.